ಬಿಸ್ಮಿಲ್ಲಾ ಅನ್ನದೆ ಸುರಿದ ನೀರು

ಇದನ್ನು ಹೇಳುವಾಗ ಈಗಲೂ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಮದುವೆಯಾದ ವಾರಕ್ಕೇ ನಾನೂ ನನ್ನ ಗಂಡ ಝುಹೈರನೂ ಉಝೂದ್ ಜಲಪಾತ ನೋಡಲು ಹೋದೆವು. ಅವನಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಟ. ನಮ್ಮೂರು ಫೆಸ್‌ನಿಂದ ದಾರಿಯುದ್ದಕ್ಕೂ ಜಗಳವೇ ಆಗಿತ್ತು. ಜಲಪಾತದ ಬುಡದಲ್ಲಿ ಚಹಾ ಮಾರುವ ಯಾಮ್ನಾ ಅಜ್ಜಿ ಪುದೀನ ಚಹಾದ ಕೆಟಲ್ ತಂದಿಟ್ಟಳು. ಒಂದು ಗುಟುಕು ಕುಡಿದವನೇ, "ಇದೇನು ಚಹಾನಾ, ಪಾತ್ರೆ ತೊಳೆದ ನೀರಾ?" ಎಂದು ಹಬೆಯಾಡುತ್ತಿದ್ದ ಚಹಾವನ್ನೆಲ್ಲ ಬಂಡೆಯ ಸಂದಿಗೆ ಸುರಿದುಬಿಟ್ಟ.

ಅಜ್ಜಿ ಚೀರಿದಳು. "ಬಿಸ್ಮಿಲ್ಲಾ ಅನ್ನದೆ ಬಿಸಿನೀರು ಚೆಲ್ತಾರೇನೋ? ನೆಲದ ಕೆಳಗಿರೋ ಜಿನ್ನುಗಳಿಗೆ ಸುಡಲ್ವಾ? ತಪ್ಪಾಯ್ತು ಅನ್ನು!"

"ಸುಟ್ರೆ ಸುಡ್ಲಿ ಬಿಡಜ್ಜಿ" ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ? ತಪ್ಪಾಯ್ತು ಅನ್ನೋ!" ಎಂದೆ. ಅನ್ನಲಿಲ್ಲ.

ಆಗ ಆ ಸಂದಿಯೊಳಗಿಂದ, ಕೈ ಸುಟ್ಟುಕೊಂಡವರಂತೆ ಯಾರೋ ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ಜಲಪಾತದ ಅಬ್ಬರದಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಯವರೆಗೆ ಮುಖಕ್ಕೆ ತಣ್ಣಗೆ ಸಿಡಿಯುತ್ತಿದ್ದ ತುಂತುರು ಬೆಚ್ಚಗಾಯಿತು. ಅಜ್ಜಿ ಹಾಡಹಗಲೇ ಅಂಗಡಿ ಮುಚ್ಚಿದಳು.

ಊರಿಗೆ ಮರಳಿದಂದಿನಿಂದ ಬೆಳಗ್ಗೆ ನಾನು ಒಲೆ ಹಚ್ಚುವ ಮೊದಲೇ ನಮ್ಮ ಮನೆಯ ಕೆಟಲ್ ಬಿಸಿಯಾಗಿರುತ್ತದೆ. ಮೊದಮೊದಲು ಉಗುರುಬೆಚ್ಚಗಿರುತ್ತಿತ್ತು, ಈಗೀಗ ಕೈಯಿಡಲಾಗುವುದಿಲ್ಲ.

"ಈಗ್ಲಾದ್ರೂ ತಪ್ಪಾಯ್ತು ಅನ್ನೋ, ಪುಣ್ಯಾತ್ಮ" ಎಂದರೆ, "ಯಾರಿಗನ್ಲಿ, ಕೆಟಲ್‌ಗಾ?" ಎನ್ನುತ್ತಾನೆ.

ನಿನ್ನೆ ಬೆಳಗ್ಗೆ ಅದು ಅಡುಗೆಮನೆಯಲ್ಲಿರಲಿಲ್ಲ. ನಿದ್ದೆಯಲ್ಲಿದ್ದ ಅವನ ತಲೆದಿಂಬಿನ ಪಕ್ಕದಲ್ಲಿ ಕುದಿಯುತ್ತಿತ್ತು. ಮೂತಿ ಅವನ ಮುಖದ ಕಡೆಗೆ ತಿರುಗಿತ್ತು.