ಒಳಗಿನ ಬೆಲ್

ಪ್ಯಾಕಿಂಗ್ ವಿಭಾಗದ ಅಕ್ಕ ಒಳಗಿರುವಾಗಲೇ ಕೋಲ್ಡ್ ಸ್ಟೋರೇಜಿಗೆ ಹೊರಗಿನಿಂದ ಬೀಗ ಹಾಕಿದರು. ಬೆಳಿಗ್ಗೆ ತೆಗೆದಾಗ ಅವಳು ಸತ್ತಿದ್ದಳು. ಒಳಗಿದ್ದ ತುರ್ತು ಬೆಲ್ಲನ್ನು ಅವಳು ಒತ್ತಲೇ ಇಲ್ಲವೆಂದು ಕಂಪನಿ ಹೇಳಿತು.

ಆ ಬೆಲ್ಲನ್ನು ದಾಖಲಿಸುತ್ತಿದ್ದ ವರ್ಚುವಲ್ ಮಷಿನ್, ಅಂದರೆ ಸರ್ವರಿನೊಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರನ್ನು ಆಫ್ ಮಾಡಿ, ಆ ಕೋಲ್ಡ್ ಸ್ಟೋರೇಜನ್ನೂ ಕೆಡವಿದರು. ಕಂಪನಿಯ ಸರ್ವರ್ ನೋಡಿಕೊಳ್ಳುವ ನನ್ನ ಬ್ಯಾಕಪ್ ಡಿಸ್ಕಿನಲ್ಲಿ ಆ ಮಷಿನ್ನಿನ ಒಂದು ಸ್ನ್ಯಾಪ್‌ಶಾಟ್, ಅಂದರೆ ನಕಲು, ಉಳಿದಿತ್ತು. ಮಷಿನ್ ಆಫ್ ಆದಮೇಲೆ ಸ್ನ್ಯಾಪ್‌ಶಾಟ್ ಬೆಳೆಯಬಾರದು. ಇದು ದಿನೇ ದಿನೇ ಬೆಳೆದು ಡಿಸ್ಕನ್ನೇ ತುಂಬಿಸಿತು.

“ಏನಮ್ಮಾ, ಮ್ಯೂಸಿಯಂ ಇಟ್ಟಿದ್ದೀಯಾ? ಅಳಿಸಿ ಜಾಗ ಮಾಡು,” ಎಂದರು ಮ್ಯಾನೇಜರ್.

ಅಳಿಸುವ ಮುಂಚೆ ತೆರೆದು ನೋಡಿದೆ. ಉದ್ದಕ್ಕೂ ಒಂದೇ ಸಾಲು: ‘ಒಳಗಿನಿಂದ ಬೆಲ್’. ಕೊನೆಯದಕ್ಕೆ ಇವತ್ತಿನ ತಾರೀಖು. ನೋಡುತ್ತಿದ್ದಂತೆ ಇನ್ನೊಂದು ಬಂತು. ಎಸಿ ಕೆಟ್ಟು ಸೆಕೆಯಾಗಿದ್ದ ನನ್ನ ಸರ್ವರ್ ಕೋಣೆಯಲ್ಲಿ ಕೀಬೋರ್ಡ್ ಬೆರಳಿಗೆ ಹಿಮದಂತೆ ಕೊರೆಯಿತು.

“ಅಳಿಸು ಅಂದ್ನಲ್ಲ!”

“ಅಳಿಸಲ್ಲ ಸಾರ್. ಅಕ್ಕ ಇನ್ನೂ ಒತ್ತುತಾ ಇದ್ದಾಳೆ.”