ಬಿಷಪ್‌ನ ಗುರುವಾರದ ಮೂರ್ಛೆ

ಬಿಷಪ್ ಪಂಜರದ ತಳದಲ್ಲಿ ಅಂಗಾತ ಬಿದ್ದಿದ್ದ. ಕಾಲುಗಳೆರಡೂ ಚಾವಣಿಯತ್ತ. ಬಲ್ಲರಾಟ್‌ನ ಪಕ್ಷಿಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದ ಹಳದಿ ಕ್ಯಾನರಿ ಹಕ್ಕಿಗೆ ಈ ಗತಿ ತಂದವರು ಯಾರು?

ಚರ್ಚಿನ ಗುರುವಾರದ ಗಾಯನ ಮುಗಿಸಿ ಬಂದ ಗ್ವೆಂಡಾ ಟ್ರೆಥೆವಿ ಕೋಟನ್ನೂ ಬಿಚ್ಚಲಿಲ್ಲ. ಪಂಜರವನ್ನು ಕಾರಿನಲ್ಲಿಟ್ಟು, ಎದುರುಮನೆಯ ಥಿಯಾ ರೋಡಾಳನ್ನೂ ಹತ್ತಿಸಿಕೊಂಡು, ಪಶುವೈದ್ಯರಲ್ಲಿಗೆ ಧಾವಿಸಿದಳು. ಥಿಯಾ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರಳಾಗಿದ್ದವಳು. ನಿವೃತ್ತಳಾದ ಮೇಲೆ ಗುಲಾಬಿ ಗಿಡಗಳನ್ನಷ್ಟೇ ವಿಚಾರಣೆ ಮಾಡುತ್ತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಿಷಪ್ ಎದ್ದು ಕೂತು ರೆಕ್ಕೆ ಕೊಡವಿಕೊಂಡ. ವೈದ್ಯರು ಹಕ್ಕಿಗಿಂತ ಹೆಚ್ಚಾಗಿ ಗ್ವೆಂಡಾಳನ್ನೇ ಪರೀಕ್ಷಿಸುವಂತೆ ನೋಡಿ, ಏನೂ ತೊಂದರೆಯಿಲ್ಲವೆಂದು ಕಳಿಸಿದರು. ಹಿಂದಿನ ಗುರುವಾರವೂ ಹೀಗೇ ಆಗಿತ್ತು.

"ಯಾರೋ ವಿಷ ಹಾಕ್ತಿದಾರೆ ಥಿಯಾ," ಎಂದಳು ಗ್ವೆಂಡಾ. "ಇವತ್ತು ಆ ವಿಷ ಹಾಕೋನು ಮನೆ ಒಳಗೇ ಇದ್ದ. ನಾನು ಬೀಗ ತೆಗೆದೆ ನೋಡು — ಬಾಗಿಲನ್ನ ಯಾರೋ ಒಳಗಿಂದ ಎಳ್ಕೊಂಡ ಹಾಗಾಯ್ತು. ಧಡಾರ್ ಅಂತ ಗೋಡೆಗೆ ಬಡೀತು. ಅಡುಗೆಮನೆ ಫ್ಯಾನಿನ ಮೊರೆತದಲ್ಲಿ ಬೇರೇನೂ ಕೇಳಿಸ್ಲಿಲ್ಲ."

"ಬಾಗಿಲ ಹಿಂದೆ ನೋಡಿದ್ಯಾ?"

"ಛತ್ರಿ ಇತ್ತು."

"ಕ್ಲೆಮ್ ಎಲ್ಲಿದ್ದ?"

"ನನ್ನ ಗಂಡ ಎಲ್ಲಿರ್ತಾನೆ? ಕುರ್ಚೀಲಿ ಗೊರಕೆ."

ಗ್ವೆಂಡಾಳ ಸಂಶಯವೆಲ್ಲ ಪಕ್ಕದ ಮನೆಯ ಆಲ್ವಿನ್ ಚೆಗ್ವಿನ್ ಮೇಲೆ. ಅವನ ಹಕ್ಕಿಗೆ ಪ್ರತಿವರ್ಷವೂ ಎರಡನೆಯ ಬಹುಮಾನ. ಮೇಲಾಗಿ ಟ್ರೆಥೆವಿಯವರ ಮನೆಯ ಇನ್ನೊಂದು ಕೀಲಿಕೈ ಇರುವುದೂ ಅವನ ಬಳಿಯೇ. ಮರುದಿನ ಥಿಯಾ ಅವನ ಅಂಗಳಕ್ಕೆ ಹೋಗಿ ನೇರವಾಗಿ ಕೇಳಿದಳು.

ಆಲ್ವಿನ್‌ಗೆ ಸಿಟ್ಟೇನೂ ಬರಲಿಲ್ಲ. "ಅದು ಸತ್ರೆ ನಂಗೇನು ಬಂತು? ಬದುಕಿದ್ದು ನನ್ನ ಹಕ್ಕಿ ಮುಂದೆ ಸೋಲಬೇಕು. ಅದನ್ನ ನೋಡೋಕೆ ಕಾಯ್ತಾ ಇದೀನಿ."

ಇಷ್ಟು ಶುದ್ಧವಾದ ಹೊಟ್ಟೆಕಿಚ್ಚು ಸುಳ್ಳಾಗಿರಲಾರದು ಎನಿಸಿತು ಥಿಯಾಳಿಗೆ.

ಉಳಿದವನು ಕ್ಲೆಮ್. ಗ್ವೆಂಡಾ ಮಾರುಕಟ್ಟೆಗೆ ಹೋದ ಸಮಯ ನೋಡಿ ಥಿಯಾ ಅವನೆದುರು ಕುಳಿತಳು.

"ಗುರುವಾರ ಸಂಜೆ ಏನ್ಮಾಡ್ತೀಯ ಕ್ಲೆಮ್?"

"ಏನೂ ಇಲ್ಲ."

"ಒಬ್ಬನೇನಾ?"

"ಏನೂ ಮಾಡ್ದೆ ಇರೋಕೆ ಇನ್ನೊಬ್ರು ಬೇಕಾ?"

ಅವನು ಹಣೆ ಒತ್ತಿಕೊಳ್ಳುತ್ತಿದ್ದ. ನಿನ್ನೆಯಿಂದ ತಲೆನೋವಂತೆ. ಸ್ವೆಟರಿನಿಂದ ಹುರಿದ ಬೇಕನ್ನಿನ ವಾಸನೆ ಬರುತ್ತಿತ್ತು — ಹೃದಯದ ಡಾಕ್ಟರು ಆ ಹಂದಿಮಾಂಸವನ್ನು ನಿಷೇಧಿಸಿದ ಮೇಲೆ ಗ್ವೆಂಡಾ ಅದರ ಹೆಸರೆತ್ತಲೂ ಬಿಟ್ಟಿರಲಿಲ್ಲ.

ಥಿಯಾ ಮನೆಯೆಲ್ಲ ಸುತ್ತಿದಳು. ನಡುಮನೆಯ ಗೂಡಿನಲ್ಲಿದ್ದ, ಚಿಮಣಿಯಿರುವ ಹಳೆಯ ಗ್ಯಾಸ್ ಹೀಟರು ನೆಲದಡಿಯ ಕೊಳವೆಗಳಿಂದ ಕೋಣೆಕೋಣೆಗೂ ಬಿಸಿಗಾಳಿ ಊದುತ್ತಿತ್ತು. ಕಿಟಕಿಗಾಜುಗಳ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಗೋಡೆಯ ಗಾಳಿಕಿಂಡಿಗಳಿಗೆಲ್ಲ ಉಣ್ಣೆಯ ಬಿರಡೆ, ಅದರ ಮೇಲೊಂದು ಕಸೂತಿ ಹೂವು. ಬಾಗಿಲಡಿಗೆ ರಬ್ಬರಿನ ಪಟ್ಟಿ. ಮಾರುಕಟ್ಟೆಯಿಂದ ಬಂದ ಗ್ವೆಂಡಾ, ಚಳಿಗಾಳಿ ತಡೆಯಲೆಂದು ಆ ಬಿರಡೆಗಳನ್ನೆಲ್ಲ ತಾನೇ ಹೆಣೆದದ್ದೆಂದು ಹೆಮ್ಮೆಯಿಂದ ಹೇಳಿಕೊಂಡಳು.

ಮನೆಗೆ ಮರಳಿ ಗುಲಾಬಿಗೆ ಕತ್ತರಿ ಹಾಕುತ್ತಿದ್ದಾಗಲೂ ಥಿಯಾಳ ತಲೆಯಲ್ಲಿ ಆ ಬಾಗಿಲೇ ಬಡಿಯುತ್ತಿತ್ತು. ಎಳೆಯುವವರೇ ಇಲ್ಲದೆ ಬಾಗಿಲು ಒಳಕ್ಕೆ ಹೋದದ್ದು ಹೇಗೆ?

ಉತ್ತರ ಹೊಳೆದದ್ದು ಮುಂದಿನ ಗುರುವಾರ, ಗ್ವೆಂಡಾಳ ಕಾರು ತಿರುವಿನಲ್ಲಿ ಮರೆಯಾಗಿ ಬಹಳ ಹೊತ್ತಾದ ಮೇಲೆ. ಟ್ರೆಥೆವಿಯವರ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಬೀದಿಗೆ ಕೇಳುವಂತೆ ಮೊರೆಯುತ್ತಿತ್ತು. ಥಿಯಾ ಕತ್ತರಿ ಎಸೆದು, ಆಲ್ವಿನ್‌ನ ಬಳಿಯಿದ್ದ ಕೀಲಿಕೈ ಕಿತ್ತುಕೊಂಡು ಓಡಿದಳು.

ಒಳಗೆ ಬಾಣಲೆಯಲ್ಲಿ ಬೇಕನ್ ಕರಿಯಾಗುತ್ತಿತ್ತು. ಕ್ಲೆಮ್ ಕುರ್ಚಿಯಲ್ಲಿ ಕುಸಿದಿದ್ದ. ಕರೆದರೆ ತೊದಲಿದ. ಥಿಯಾ ಒಲೆ, ಹೀಟರು, ಫ್ಯಾನು ಮೂರನ್ನೂ ಆರಿಸಿ, ಬಾಗಿಲುಗಳನ್ನು ತೆರೆದಿಟ್ಟು, ಆಲ್ವಿನ್‌ನನ್ನು ಕೂಗಿ ಕರೆದಳು. ಇಬ್ಬರೂ ಸೇರಿ ಕ್ಲೆಮ್‌ನನ್ನು ಹೊರಗೆಳೆದರು. ಆಮೇಲೆ ಆಲ್ವಿನ್ ಯಾರೂ ಹೇಳದೆಯೇ ಮೂಗು ಹಿಡಿದುಕೊಂಡು ಒಳಗೆ ನುಗ್ಗಿ ಬಿಷಪ್‌ನನ್ನೂ ತಂದ.

ಗ್ವೆಂಡಾ ಬಂದಾಗ ಅಂಗಳದಲ್ಲಿ ಆಂಬುಲೆನ್ಸ್ ನಿಂತಿತ್ತು. ಕ್ಲೆಮ್ ಮುಖಕ್ಕೆ ಆಮ್ಲಜನಕದ ಮುಖವಾಡ.

"ಯಾರು ಮಾಡಿದ್ದು?" ಎಂದು ಕೇಳಿದಳು.

"ಅವತ್ತು ಬಾಗಿಲು ಎಳ್ಕೊಂಡಿದ್ದು ಮನುಷ್ಯ ಅಲ್ಲ, ಗಾಳಿ," ಎಂದಳು ಥಿಯಾ. "ಕದ್ದು ಹುರಿಯೋ ಬೇಕನ್ ವಾಸನೆ ನಿಂಗೆ ಗೊತ್ತಾಗಬಾರದು ಅಂತ ಇವನು ಫ್ಯಾನನ್ನ ಜೋರಾಗಿ ಹಾಕ್ತಿದ್ದ. ಅದು ಮನೆ ಗಾಳೀನೆಲ್ಲ ಹೊರಗೆ ಎಳೀತು. ಆ ಜಾಗಕ್ಕೆ ಹೊಸ ಗಾಳಿ ಬರೋಕೆ ಒಂದು ಸಂದೂ ಇರಲಿಲ್ಲ. ಕೊನೆಗೆ ಹೀಟರಿನ ಚಿಮಣಿಯಿಂದಲೇ ಎಳ್ಕೊಳ್ತು. ಹೊರಗೆ ಹೋಗಬೇಕಾದ, ವಾಸನೆಯೇ ಇಲ್ಲದ ವಿಷದ ಹೊಗೆ ಮನೆಯೊಳಗೇ ಇಳೀತು. ಅದಕ್ಕೇ ಬಿಷಪ್ ಕಾರಲ್ಲಿ ಚೇತರಿಸ್ಕೊಳ್ತಿದ್ದ."

"ಅಂದ್ರೆ ಅಪರಾಧಿ ಇವನೇ."

"ಇವನು ಬರೀ ಬೇಕನ್ ಕಳ್ಳ. ಗಾಳಿಕಿಂಡಿಗೆ ಹೂವಿನ ಬಿರಡೆ ಹೆಣೆದವರು ಯಾರು, ಗ್ವೆಂಡಾ?"

ಗ್ವೆಂಡಾ ತೆರೆದ ಬಾಗಿಲಿನಾಚೆ ಕಾಣುತ್ತಿದ್ದ ಕಸೂತಿ ಹೂವುಗಳತ್ತ ತಿರುಗಿ ನೋಡಿದಳು.

"ಒಂದು ಸುಳಿವು ನಮ್ಮಿಬ್ಬರಿಗೂ ಕಾಣಲಿಲ್ಲ," ಎಂದಳು ಥಿಯಾ ಮೆತ್ತಗೆ. "ಆ ಮನೇಲಿ ಪ್ರತಿ ಗುರುವಾರ ಮೂರ್ಛೆ ಹೋಗ್ತಿದ್ದವರು ಇಬ್ಬರು. ನಾವು ಒಬ್ಬನನ್ನ ಮಾತ್ರ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ."

ಗ್ವೆಂಡಾ ಕೋಟು ಬಿಚ್ಚಿ ಗಂಡನ ಮೇಲೆ ಹೊದಿಸಿದಳು. ಅವನ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಆಮೇಲೆ, ಹೀಟರನ್ನು ಮನೆಯಿಂದಾಚೆಗೆ ಹಾಕಿಸುವುದು, ಬಿರಡೆಗಳನ್ನೆಲ್ಲ ಕೀಳುವುದು ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಕ್ಲೆಮ್ ಮುಖವಾಡ ಸರಿಸಿದ. "ಬೇಕನ್?"

"ತಿಂಗಳಿಗೊಂದು ಸಲ," ಎಂದಳು ಅವಳು. "ಕಿಟಕಿ ತೆಗೆದಿಟ್ಟು. ನಾನು ಎದುರಿಗೆ ಕೂತಿರ್ತೀನಿ."