ಹಿಂದಿನ ಸೀಟಿನ ಹೋಲ್ಡಾನ್

ದ್ರಾಸ್ ಕಣಿವೆಯ ಏರು ರಸ್ತೆಯಲ್ಲಿ ಬಿಳಿ ಗಾಡಿಯೊಂದು ಅರವತ್ತರ ವೇಗದಲ್ಲಿ ಹೋಗುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದ ನೀಲಗಂಗಾಳ ಬಲಗಾಲು ಆಕ್ಸಿಲರೇಟರಿನ ಮೇಲಿರಲಿಲ್ಲ, ನೆಲಕ್ಕೆ ಊರಿಕೊಂಡು ಸುಮ್ಮನಿತ್ತು. ವೇಗದ ಉಸಾಬರಿಯನ್ನು ಗಾಡಿ ತಾನೇ ನೋಡಿಕೊಳ್ಳುತ್ತಿತ್ತು. ಎರಡೂ ಬದಿಗೆ ಹಿಮ, ನಡುವೆ ಮರಳು ಎರಚಿದ ಕಪ್ಪು ರಸ್ತೆ, ಮೇಲೆ ಬೆಳಗಿನ ಬಿಸಿಲು. ಮುಂದೆ ಗುಡ್ಡವೊಂದು ರಸ್ತೆಯ ಮೇಲೆ ನೆರಳು ಚೆಲ್ಲಿದ್ದ ತಿರುವು ಬಂತು. ಮುಂದಿನ ಚಕ್ರ ಆ ನೆರಳನ್ನು ಮುಟ್ಟಿತೋ ಇಲ್ಲವೋ, ಹಿಂದಿನ ಸೀಟಿನಿಂದ ಗಂಡಸೊಬ್ಬನ ಒರಟು ದನಿ ಕೂಗಿತು.

"ಹೋಲ್ಡಾನ್! ಹೋಲ್ಡಾನ್!"

ಗಾಡಿ ಗಕ್ಕನೆ ನಿಲ್ಲಲಿಲ್ಲ. ಬ್ರೇಕಿನ ತಂಟೆಗೇ ಹೋಗಲಿಲ್ಲ. ಮಲಗಿದ ಮಗುವಿನ ತಲೆಯ ಕೆಳಗಿನಿಂದ ತಾಯಿ ಕೈ ತೆಗೆಯುವಷ್ಟು ಮೆಲ್ಲಗೆ ಚಕ್ರದ ಬಲವನ್ನು ಇಳಿಸಿಕೊಂಡು ತಿರುವು ದಾಟಿತು. ಆಚೆಯ ಒಣ ಜಾಗದಲ್ಲಿ ನೀಲಗಂಗಾ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲವೆಂದು ಗೊತ್ತಿದ್ದೂ ಆಕೆ ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ಕೂತಿದ್ದ ವಿಜ್ಞಾನಿ ಧಾತ್ರಿ ಅದನ್ನು ಗಮನಿಸಿದಳು.

ಇದು ಇನ್ನೊಂದು ಮೂವತ್ತು ನಲವತ್ತು ವರ್ಷ ಕಳೆದ ಮೇಲಿನ ಮಾತು. ಗಾಡಿಯೊಳಗಿದ್ದ ಯಂತ್ರದ ಹೆಸರು ಜಾರುಗಿವಿ, ಅಂದರೆ ಜಾರುವುದನ್ನು ಕೇಳಿಸಿಕೊಳ್ಳುವ ಕಿವಿ. ಅದನ್ನು ಮಾಡಿದವಳು ಧಾತ್ರಿ. ಅವಳು ತುಮಕೂರಿನವಳು. ಹಿಮವನ್ನು ಮೊದಲು ಕಂಡದ್ದು ಫ್ರಿಜ್ಜಿನೊಳಗೆ ಎಂದು ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದಳು.

ಜಾರುಗಿವಿ ಯಾಕೆ ಬೇಕಾಯಿತು ಎಂದು ತಿಳಿಯಲು ಕ್ರೂಸ್ ಕಂಟ್ರೋಲ್ ಎಂಬ ಹಳೆಯ ಯಂತ್ರದ ಗುಣ ತಿಳಿದಿರಬೇಕು. ಅದು ನಿಮ್ಮ ಕಾಲಿನ ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ. ಇಷ್ಟು ವೇಗ ಇರಲಿ ಎಂದು ಹೇಳಿಬಿಟ್ಟರೆ ಸಾಕು, ಏರಿನಲ್ಲಿ ಬಲ ಹೆಚ್ಚಿಸಿ, ಇಳಿಜಾರಿನಲ್ಲಿ ತಗ್ಗಿಸಿ, ಅಷ್ಟೇ ವೇಗ ಕಾಯುತ್ತದೆ. ಒಣ ರಸ್ತೆಯಲ್ಲಿ ಬಲು ಸುಖ. ಆದರೆ ಅದು ಶುದ್ಧ ಹಠಮಾರಿ. ಮಂಜುಗಟ್ಟಿದ ರಸ್ತೆಯಲ್ಲಿ ಗಾಡಿಯ ವೇಗ ಕೊಂಚ ಕುಗ್ಗಿದರೂ, ಹೇಳಿದ ಮಾತು ತಪ್ಪಬಾರದೆಂದು ಇನ್ನಷ್ಟು ಬಲ ಕೊಡುತ್ತದೆ. ಹಿಡಿತವಿಲ್ಲದ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ, ಗಾಡಿ ತನಗೆ ಬೇಕಾದತ್ತ ಜಾರುತ್ತದೆ. ನೆಲ ಜಾರುತ್ತಿದೆಯೆಂದು ಮನುಷ್ಯನ ಪಾದಕ್ಕೆ ಮೊದಲೇ ಸುಳಿವು ಸಿಗುತ್ತದೆ; ಆದರೆ ಆ ಹೊತ್ತಿಗೆ ಪಾದಕ್ಕೆ ರಜೆ ಕೊಟ್ಟಿರುತ್ತೇವಲ್ಲ! ಅದಕ್ಕೇ ಜಾರುವ ರಸ್ತೆಯಲ್ಲಿ ಕ್ರೂಸ್ ಹಾಕಲೇಬಾರದೆಂದು ಗಾಡಿ ಮಾರುವವರು ಹೇಳುತ್ತಲೇ ಇದ್ದರು. ಕೇಳಿಸಿಕೊಂಡವರು ಕಡಿಮೆ.

ನೀಲಗಂಗಾ ಮುದ್ದೇಬಿಹಾಳದ ಕಡೆಯವಳು. ಬಾಗಲಕೋಟೆಯ ರೂಟಿನಲ್ಲಿ ವರ್ಷಗಟ್ಟಲೆ ಸರ್ಕಾರಿ ಬಸ್ಸು ಓಡಿಸಿದವಳು. ಅದೇ ಬಸ್ಸಿನ ಕಂಡಕ್ಟರ್ ಸಿದ್ರಾಮ, ಮುಂದೆ ಆಕೆಯ ಗಂಡನಾದವನು. ಮದುವೆಗೆ ಮುಂಚೆ ಆಕೆ ಅವನ ಮುಖ ನೋಡಿದ್ದು ಕಡಿಮೆ, ದನಿ ಕೇಳಿದ್ದೇ ಹೆಚ್ಚು. ಅವನು ಹಿಂದಿನಿಂದ "ರೈಟ್ ರೈಟ್" ಅಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಬೇಕು. ಮುದುಕಿ ಇಳಿಯುವಾಗ, ಸೀರೆಯ ಸೆರಗು ಬಾಗಿಲಿಗೆ ಸಿಕ್ಕಾಗ, ಕುರಿಮರಿ ಚಕ್ರದ ಹತ್ತಿರ ನುಸುಳಿದಾಗ, ಆಕೆಗೆ ಕಾಣದ್ದನ್ನೆಲ್ಲ ಅವನು ಕಂಡು ಕೂಗುತ್ತಿದ್ದ. ಆಕೆಯ ಕಾಲು ಆ ದನಿಗೆ ಎಷ್ಟು ಒಗ್ಗಿತ್ತೆಂದರೆ, ಮನೆಯಲ್ಲಿ ಹಾಲು ಉಕ್ಕುವಾಗ ಅವನು "ಹೋಲ್ಡಾನ್" ಎಂದು ಚೇಷ್ಟೆ ಮಾಡಿದರೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಇಬ್ಬರೂ ನಿವೃತ್ತರಾದ ಚಳಿಗಾಲ ಹಿಮ ನೋಡಲು ದ್ರಾಸಿಗೆ ಬಂದರು. ಬಾಯಿಮಾತಿಗೆ ನಡೆಯುವ ಕ್ರೂಸ್ ಇದ್ದ ಗಾಡಿಯೊಂದನ್ನು ಬಾಡಿಗೆಗೆ ಹಿಡಿದರು. ದಾರಿಯುದ್ದಕ್ಕೂ ರಸ್ತೆ ಒಣಗಿತ್ತು, ಹಾಗಾಗಿ ಕ್ರೂಸ್ ಹಾಕಿದ್ದರು. ಜೀವನವಿಡೀ ಹಿಂದೆ ಕೂತವನು ಅಂದೂ ಹಿಂದೆಯೇ ಕೂತಿದ್ದ. ಇದೇ ತಿರುವಿನ ನೆರಳಿನಲ್ಲಿ ಮಂಜುಗಡ್ಡೆ ಹೊಳೆದದ್ದನ್ನು ಕಂಡು ಅವನು ಕೂಗಿದ, "ಹೋಲ್ಡಾನ್! ಹೋಲ್ಡಾನ್!"

ಆ ಗಾಡಿಗೆ ಇಂಗ್ಲಿಷೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಕನ್ನಡದೊಳಗಿನ ಇಂಗ್ಲಿಷು ಮಾತ್ರ ಬರುತ್ತಿರಲಿಲ್ಲ. ಹೋಲ್ಡ್ ಅಂದರೆ ಹಿಡಿದುಕೋ, ಇರುವ ವೇಗವನ್ನೇ ಬಿಡದೆ ಹಿಡಿದುಕೋ ಎಂದು ಅದು ಅರ್ಥಮಾಡಿಕೊಂಡಿತು. "ಸರಿ, ವೇಗ ಹಿಡಿದಿದ್ದೇನೆ" ಎಂದು ನಯವಾಗಿ ಉತ್ತರ ಕೊಟ್ಟು ಬಲ ಹೆಚ್ಚಿಸಿತು. ನೀಲಗಂಗಾಳ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಅಡ್ಡಡ್ಡ ಜಾರಿ, ಸಿದ್ರಾಮ ಕೂತಿದ್ದ ಬದಿಯಿಂದ ಬಂಡೆಗೆ ಅಪ್ಪಳಿಸಿತು. ಆಕೆ ಉಳಿದಳು.

ಆ ಅಪಘಾತ ಹೇಗಾಯಿತೆಂದು ನೋಡಲು ಬಂದವರಲ್ಲಿ ಧಾತ್ರಿಯೂ ಇದ್ದಳು. ಗಾಡಿಯ ಸದ್ದು ದಾಖಲಿಸುವ ಪೆಟ್ಟಿಗೆಯಲ್ಲಿ ಉಳಿದಿದ್ದ ಸದ್ದುಗಳನ್ನು ಮತ್ತೆ ಮತ್ತೆ ಕೇಳಿದಾಗ ಅವಳಿಗೊಂದು ಸಂಗತಿ ಹೊಳೆಯಿತು. ಒಣ ರಸ್ತೆಯಲ್ಲಿ ಟೈರಿನ ಸದ್ದು ಗರಗರ ಅನ್ನುತ್ತದೆ, ಮಂಜುಗಡ್ಡೆಯ ಮೇಲೆ ಅದು ಸಣ್ಣಗಾಗಿ ಸಿಳ್ಳಿನಂತಾಗುತ್ತದೆ. ಈ ವ್ಯತ್ಯಾಸ ಹಿಡಿಯುವ ಕಿವಿಯನ್ನು ಟೈರಿನೊಳಗೆ ಇಟ್ಟರೆ, ಚಕ್ರ ಜಾರುವ ಮೊದಲೇ ಕ್ರೂಸನ್ನು ಬಿಡಿಸಬಹುದು. ಹಾಗೆ ಜಾರುಗಿವಿ ಹುಟ್ಟಿತು. ಎಚ್ಚರಿಕೆಗೆ ಯಾವ ದನಿ ಇಡುವುದು ಎಂಬ ಪ್ರಶ್ನೆ ಬಂದಾಗ ಗಂಟೆ, ಪೀಪಿ, ಸಿನಿಮಾದವರ ಇಂಪಾದ ಮಾತು ಎಲ್ಲವನ್ನೂ ಪರೀಕ್ಷಿಸಿದರು. ಜನರ ಮೈ ಜುಮ್ಮೆನಿಸಿ ಎಚ್ಚರ ತಂದದ್ದು ಆ ಪೆಟ್ಟಿಗೆಯಲ್ಲಿ ಉಳಿದಿದ್ದ ಸಿದ್ರಾಮನ ಕೂಗೇ. ಕನ್ನಡ ಬಾರದವರೂ ಅದನ್ನು ಕೇಳಿ ನೆಟ್ಟಗೆ ಕೂರುತ್ತಿದ್ದರು. "ನಾಕು ಮಂದಿಗೆ ಉಪಯೋಗ ಆಗ್ಲಿ ತಗೋರಿ" ಎಂದು ನೀಲಗಂಗಾ ಒಪ್ಪಿಗೆ ಕೊಟ್ಟಳು. ಊರಿಗೆ ಮಾತ್ರ ಹಿಂತಿರುಗಲಿಲ್ಲ. ಧಾತ್ರಿ ಕೆಲಸ ಮಾಡುತ್ತಿದ್ದ ದ್ರಾಸಿನ ಸಂಶೋಧನಾ ಕೇಂದ್ರದಲ್ಲೇ ಪರೀಕ್ಷಾ ಗಾಡಿಗೆ ಡ್ರೈವರ್ ಆಗಿ ಸೇರಿದಳು. ಈಗ ದ್ರಾಸಿನ ಮಕ್ಕಳು ರಸ್ತೆಯ ಮಂಜುಗಡ್ಡೆಗೇ ಹೋಲ್ಡಾನ್ ಎಂದು ಹೆಸರಿಟ್ಟಿದ್ದಾರೆ. "ಅಲ್ಲಿ ಹೋಲ್ಡಾನ್ ಬಿದ್ದಿದೆ, ಹುಷಾರು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಗಾಡಿ ಬದಿಗೆ ನಿಂತೇ ಇತ್ತು. ಧಾತ್ರಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಆಕೆಯ ಕೈಗೆ ಕೊಟ್ಟಳು.

"ಅಮ್ಮಾ, ಒಂದು ಮಾತು ಕೇಳ್ಲಾ? ಬೇರೆ ಡ್ರೈವರ್‌ಗಳಿಗೆ ಈ ಕೂಗು ಎಲ್ಲೋ ಅಪರೂಪಕ್ಕೆ ಕೇಳಿಸುತ್ತೆ. ನಿಮಗೆ ದಿನಾ ಕೇಳಿಸುತ್ತೆ. ಆ ನೆರಳಲ್ಲಿ ಮಂಜು ಇರೋದು ನಿಮಗೆ ಕಾಣಿಸಲಿಲ್ವಾ?"

"ಕಂಡಿತ್ರೀ."

"ಮತ್ತೆ ಕ್ರೂಸ್ ಯಾಕೆ ತೆಗೀಲಿಲ್ಲ?"

ನೀಲಗಂಗಾ ಚಹಾದ ಹಬೆಯನ್ನು ಊದಿದಳು.

"ತಗದ್ರ ಅವ್ರು ಮಾತಾಡಂಗಿಲ್ಲಲ್ರೀ."

ತಾನು ಮಾಡಿದ ಯಂತ್ರ ಇಂಥದ್ದೊಂದು ಕೆಲಸಕ್ಕೂ ಬಂದೀತೆಂದು ಧಾತ್ರಿ ಕನಸಿನಲ್ಲೂ ಎಣಿಸಿರಲಿಲ್ಲ. ಚೆನ್ನಾಗಿ ಗಾಡಿ ಓಡಿಸಿದರೆ ಗಂಡ ಸುಮ್ಮನಿರುತ್ತಾನೆ, ಕೆಟ್ಟದಾಗಿ ಓಡಿಸಿದರೆ ಕೂಗುತ್ತಾನೆ. ಪಾಪ, ಬಾಗಲಕೋಟೆಯ ರೂಟಿನಲ್ಲೇ ಒಳ್ಳೆಯ ಡ್ರೈವರ್ ಎನಿಸಿಕೊಂಡಿದ್ದ ಹೆಂಗಸು ಬೇಕೆಂದೇ ಕೆಟ್ಟದಾಗಿ ಓಡಿಸುತ್ತಿದ್ದಳು.

"ಅಯ್ಯೋ ಅಮ್ಮಾ, ಇದು ಜೀವದ ಜೊತೆ ಆಟ!" ಧಾತ್ರಿಯ ದನಿ ಏರಿತು. "ಈ ಕಿವಿಗೆ ಎಲ್ಲಾ ಕೇಳಿಸಲ್ಲ, ನಿಮಗೆ ಹೇಳಿದ್ದೀನಿ. ಬಿಸಿಲೇರಿ ಮಂಜುಗಡ್ಡೆ ಮೇಲೆ ತೆಳ್ಳಗೆ ನೀರು ಹರಡಿದರೆ, ಇದು ಒದ್ದೆ ರಸ್ತೆ ಅಂದ್ಕೊಂಡು ಸುಮ್ನಾಗಿಬಿಡುತ್ತೆ. ಜಾಸ್ತಿ ಜಾರೋದು ಆಗಲೇ. ನಿಮಗೆ ಆ ದನಿ ಬೇಕಿದ್ರೆ ಫೋನಿಗೆ ಹಾಕಿಕೊಡ್ತೀನಿ, ಮನೇಲಿ ಕೂತು ಕೇಳಿ."

"ಮನ್ಯಾಗ ಕುಂತು ಹೋಲ್ಡಾನ್ ಕೇಳಿ ಏನ ನಿಲ್ಲಸ್ಲಿ ನಾ? ಒಲಿ ನಿಲ್ಲಸ್ಲ್ಯಾ?" ಆಕೆ ನಕ್ಕಳು, ಆದರೆ ಕಣ್ಣು ತುಂಬಿತ್ತು. "ಅದು ಗಾಡ್ಯಾಗ, ಹಿಂದಿಂದ ಬರಬೇಕ್ರೀ. ನನಗ ಕಾಣದ್ದು ಅವರಿಗೆ ಕಂಡೈತಿ, ನನ್ನ ಸಲುವಾಗಿ ಒದರ್ಯಾರ ಅನ್ನಂಗ ಬರಬೇಕು. ಹಂಗ ನನ್ನ ನೋಡ್ಕೊಳ್ಳಾವ್ರು ಈಗ ಯಾರ ಅದಾರ?"

ನೀಲಗಂಗಾ ಒಂದು ಗುಟುಕು ಚಹಾ ಕುಡಿದು ಮುಂದುವರಿಸಿದಳು.

"ಇನ್ನೊಂದು ಐತಿ. ಹೋಲ್ಡಾನ್ ಅಂದ ಕಂಡಕ್ಟರ್ ಆಮ್ಯಾಲ ರೈಟ್ ಅನ್ನಬೇಕ್ರೀ. ಅಂದ್ರ ಗಾಡಿ ಎತ್ತೂದು. ಇವ್ರು ಹೋಲ್ಡಾನ್ ಅಂದ್ರು, ಹೋಗೇಬಿಟ್ರು. ನಾ ಅಲ್ಲೇ ನಿಂತೀನಿ ನೋಡ್ರಿ, ಅವತ್ತಿಂದ."

"ಅವರ ದನಿಯಲ್ಲೇ ರೈಟ್ ಅನ್ನಿಸಬಹುದು," ಎಂದಳು ಧಾತ್ರಿ, ಕೊಂಚ ಆಸೆಯಿಂದ. "ಆ ಎರಡು ಕೂಗಿನಿಂದ ಕಂಪ್ಯೂಟರು ಆ ಪದ ಕಟ್ಟಿಕೊಡುತ್ತೆ. ಥೇಟ್ ಅವರೇ ಅಂದ ಹಾಗೆ."

ನೀಲಗಂಗಾ ತಲೆ ಅಲ್ಲಾಡಿಸಿದಳು. "ಬ್ಯಾಡ್ರೀ. ಅವ್ರು ಹಿಂದ ಮುಂದ ನೋಡದ ರೈಟ್ ಅಂದವರಲ್ಲ. ಯಾರೂ ನೋಡದ ಅಂದಿದ್ದು ಸುಳ್ಳು ರೈಟ್. ಅದಕ್ಕ ನಾ ಗಾಡಿ ಎತ್ತಂಗಿಲ್ಲ."

ಚಹಾ ಮುಗಿಯಿತು. ಧಾತ್ರಿ ಮನಸ್ಸು ಗಟ್ಟಿಮಾಡಿಕೊಂಡಳು. "ಅಮ್ಮಾ, ನಾಳೆಯಿಂದ ನಿಮ್ಮ ಕೈಗೆ ಈ ಗಾಡಿ ಕೊಡೋಕಾಗಲ್ಲ. ಬೈದ್ಕೊಳ್ಳಿ, ಪರವಾಗಿಲ್ಲ. ಒಂದು ಮಾತು ಹೇಳ್ತೀನಿ. ಅವರು ಅವತ್ತು ಕೂಗಿದ್ದು ನೀವು ಕೇಳ್ತಾ ಇರಲಿ ಅಂತಲ್ಲ. ನಿಲ್ಲಿಸಲಿ ಅಂತ."

ಆಕೆ ಖಾಲಿ ಲೋಟವನ್ನು ಧಾತ್ರಿಯ ಕೈಗಿಟ್ಟಳು.

ಕೇಂದ್ರಕ್ಕೆ ಮರಳಬೇಕಾದರೆ ಅದೇ ತಿರುವಿನಲ್ಲೇ ಹೋಗಬೇಕಿತ್ತು. ಮಂಜುಗಡ್ಡೆಯ ಬಗ್ಗೆ ಲೋಕಕ್ಕೆಲ್ಲ ಪಾಠ ಹೇಳುವ ಧಾತ್ರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಕಲಿಯುತ್ತೇನೆಂದು ಪ್ರತಿ ವರ್ಷ ಹೇಳುತ್ತಿದ್ದಳು ಅಷ್ಟೇ. ಈಗ ಅವಳಿಗೆ ಏನನ್ನಿಸಿತೋ, ಮುಂದಿನ ಸೀಟಿನಿಂದ ಇಳಿದು ಬಾಗಿಲು ಮುಚ್ಚಿ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ನೀಲಗಂಗಾ ಕನ್ನಡಿಯಲ್ಲಿ ಒಮ್ಮೆ ನೋಡಿ ಗಾಡಿ ತಿರುಗಿಸಿದಳು. ನೇರ ರಸ್ತೆ ಸಿಕ್ಕಿದಾಗ ಕ್ರೂಸ್ ಹಾಕಿದಳು. ಧಾತ್ರಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಾತಿನ ನಡುವೆ ಬಿಸಿಲೇರಿತ್ತು. ನೆರಳಿನ ಅಂಚು ಸರಿದು, ಬೆಳಗ್ಗೆ ಬೂದುಬಣ್ಣವಾಗಿದ್ದ ಮಂಜುಗಡ್ಡೆ ಈಗ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಮೇಲೆ ನೀರು. ಜಾರುಗಿವಿ ಕಿವುಡಾಗುವ ಜಾಗ ಅದೇ. ಧಾತ್ರಿ ಕೂಗಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಟಕ್ ಎಂಬ ಸಣ್ಣ ಸದ್ದು. ತಿರುವು ಇನ್ನೂ ದೂರವಿರುವಾಗಲೇ ನೀಲಗಂಗಾಳ ಹೆಬ್ಬೆರಳು ಕ್ರೂಸನ್ನು ಬಿಡಿಸಿತ್ತು. ಆಕೆಯ ಬಲಗಾಲು ನೆಲದಿಂದೆದ್ದು ಪೆಡಲಿನ ಮೇಲೆ ಕೂತಿತು, ಬಲು ಹಗುರಾಗಿ. ವೇಗ ಇಳಿಯಿತು, ಇನ್ನೂ ಇಳಿಯಿತು. ಗಾಡಿ ಹೆಜ್ಜೆಯಿಡುವಂತೆ ನೀರಿನ ಹೊಳಪಿನ ಮೇಲೆ ಸಾಗಿತು. ಒಂದು ಕಡೆ ಹಿಂಬದಿ ಕೊಂಚ ಹೊಯ್ದಾಡಿತು. ಆಕೆ ಗಾಬರಿಯಾಗದೆ ಸ್ಟಿಯರಿಂಗನ್ನು ಒಂದಿಷ್ಟು ಸಡಿಲಿಸಿ ಸರಿಮಾಡಿಕೊಂಡಳು. ಹಿಂದಿನಿಂದ ಯಾವ ಕೂಗೂ ಬರಲಿಲ್ಲ. ಆ ತಿರುವಿನಲ್ಲಿ ಆಕೆ ಆ ಕೂಗಿಲ್ಲದೆ ಹಾದದ್ದು ಅದೇ ಮೊದಲು.

ಆಚೆ ಒಣ ರಸ್ತೆಯಲ್ಲಿ ಆಕೆ ಗಾಡಿ ನಿಲ್ಲಿಸಿ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಧಾತ್ರಿ ತಡೆಯಲಿಲ್ಲ.

"ಹಿಂದ ಪ್ಯಾಸೆಂಜರ್ ಇದ್ದಾಗ ಆಟ ಆಡಂಗಿಲ್ಲ ತಂಗಿ," ಎಂದಳು ನೀಲಗಂಗಾ ಕೊನೆಗೆ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಡ್ಯೂಟಿ ಅಂದ್ರ ಡ್ಯೂಟಿ."

ಗಾಡಿ ಮಾತ್ರ ಹೊರಡಲಿಲ್ಲ. ಆಕೆ ಕನ್ನಡಿಯನ್ನೇ ನೋಡುತ್ತ ಕೂತಿದ್ದಳು. ಧಾತ್ರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳು ಕಿಟಕಿ ಇಳಿಸಿ, ಕೊರೆಯುವ ಗಾಳಿಗೆ ತಲೆ ಹೊರಹಾಕಿ, ಬಂದ ದಾರಿಯನ್ನು ನೋಡಿದಳು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಮುಂದೆಯೂ ನೋಡಿದಳು.

"ರೈಟ್," ಎಂದಳು, ನಾಚಿಕೆಯಿಂದ.

"ನೋಡಿ ಅಂದಿ ಹೌದಿಲ್ಲೋ?"

"ನೋಡೇ ಅಂದೆ ಅಮ್ಮಾ."

"ಹಂಗಲ್ಲವಾ, ಎರಡು ಸಲ ಅನ್ನಬೇಕು. ಜೋರಾಗಿ."

"ರೈಟ್ ರೈಟ್!"

ಗಾಡಿ ಹೊರಟಿತು.

ಮುಂದಿನ ಚಳಿಗಾಲದ ಹೊತ್ತಿಗೆ ಧಾತ್ರಿ ಯಂತ್ರವನ್ನು ತಿದ್ದಿದಳು. ರಸ್ತೆ ತಣ್ಣಗಾಗಿದ್ದರೆ ಕ್ರೂಸ್ ಈಗ ಹಾಕಿದರೂ ಬೀಳುವುದಿಲ್ಲ, ನಿಮ್ಮ ಕಾಲಿಗೇ ಕೆಲಸ ಒಪ್ಪಿಸುತ್ತದೆ. ಸಿದ್ರಾಮನ ಕೂಗನ್ನು ಅವಳು ತೆಗೆಯಲಿಲ್ಲ. ಆದರೆ ಎಚ್ಚರದಿಂದ ಓಡಿಸುವವರಿಗೆ ಅದು ಎಂದೂ ಕೇಳಿಸುವುದಿಲ್ಲ. ನೀಲಗಂಗಾಳಿಗೂ ಆಮೇಲೆ ಕೇಳಿಸಲಿಲ್ಲ. ಗಾಡಿ ಮತ್ತೆ ಆಕೆಯ ಕೈಗೇ ಬಂತು, ಹಿಂದಿನ ಸೀಟು ಮಾತ್ರ ಖಾಲಿ ಇರಕೂಡದೆಂದು ಧಾತ್ರಿ ಹಠ ಹಿಡಿದಳು. ಆ ದನಿ ಕೇಳುವ ಆಸೆ ತೀರಿತೇ ಎಂದು ಕೇಳಬೇಡಿ, ಅದು ತೀರುವಂಥದ್ದಲ್ಲ.

ಇದೆಲ್ಲ ಇನ್ನೂ ನಡೆದಿಲ್ಲ ಬಿಡಿ. ಜಾರುಗಿವಿ ಯಾರ ಟೈರಿನಲ್ಲೂ ಇಲ್ಲ. ಮಳೆಯಲ್ಲೋ ಮಂಜಿನಲ್ಲೋ ನಿಮ್ಮ ಗಾಡಿ ಹೋಗುವಾಗ ಹಿಂದಿನ ಸೀಟಿನಿಂದ ಕೂಗುವವರು ಈಗ ಯಂತ್ರವಲ್ಲ, ನಿಮ್ಮ ಮನೆಯವರೇ. "ಸ್ವಲ್ಪ ನಿಧಾನ, ಮುಂದೆ ನೋಡಿ" ಎಂದು ಅವರು ಹೇಳಿದ್ದನ್ನೇ ಹೇಳುತ್ತಾರೆ, ನಿಮಗೆ ರೇಗುತ್ತದೆ. ರೇಗಲಿ. ಕಾಲು ಸಡಿಲಿಸಿ, ಆಮೇಲೆ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ. ಅವರು ಅಲ್ಲೇ ಕೂತಿದ್ದಾರೆ.